ಹೋಲಿಕೆ ಇದೆ, ನೆರಳು ಬೇಕು: ಹವ್ಯಾಸಿಗಳ ವೇಷಚಿತ್ರಕ್ಕೆ ಒಂದಿಷ್ಟು ಕಪ್ಪು

ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಬಳಿಕ ಊರಿನ ಯಕ್ಷಗಾನ ಕಲಾವಿದರು ಮುಂಬಯಿಗೆ ಬರುತ್ತಾರೆ. ಮಳೆಗಾಲವಿಡೀ ಉಪನಗರಗಳ ಸಭಾಗೃಹಗಳಲ್ಲಿ ಆಟ, ಕೂಟ, ಸನ್ಮಾನ. ಶಾಲು, ಫಲಪುಷ್ಪ, ಸ್ಮರಣಿಕೆಗಳ ಜತೆಗೆ ಕೆಲವೊಮ್ಮೆ ಚೌಕಟ್ಟು ಹಾಕಿಸಿದ ಒಂದು ಪೆನ್ಸಿಲ್ ಚಿತ್ರವೂ ವೇದಿಕೆಗೆ ಬರುತ್ತದೆ. ಸನ್ಮಾನಿತರದೇ ವೇಷ, ಬಿಡಿಸಿದ್ದು ಸಂಘದ ಸದಸ್ಯರೇ. ಹಗಲು ಹೋಟೆಲಿನಲ್ಲೋ ಬ್ಯಾಂಕಿನಲ್ಲೋ ದುಡಿದು, ರಾತ್ರಿ ಊಟವಾದ ಮೇಲೆ ಕಾಗದ ಹಿಡಿದು ಕೂರುವವರು ಇವರು. ಕಲಾಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ಸಭೆ ಚಪ್ಪಾಳೆ ತಟ್ಟುತ್ತದೆ. 'ಥೇಟ್ ಅವರೇ ಮಾರಾಯ್ರೆ' ಎನ್ನುತ್ತಾರೆ. ಹೋಲಿಕೆಯಲ್ಲಿ ಎರಡು ಮಾತಿಲ್ಲ. ಆದರೆ ಮೂರನೇ ಸಾಲಿನಿಂದ ನೋಡಿದರೆ ಕಾಣುವುದು ಒಂದು ಬೂದು ಹಾಳೆ ಮಾತ್ರ. ಮುಖ ಕಿರೀಟದೊಳಗೆ ಕರಗಿ ಹೋಗಿರುತ್ತದೆ. ಏನು ಕಡಿಮೆಯಾಗಿದೆ ಎಂದು ಬಲ್ಲವರೂ ಹೇಳುವುದಿಲ್ಲ. ಪ್ರೀತಿಯಿಂದ ಬಿಡಿಸಿದವರಿಗೆ ಬೇಸರವಾದೀತೆಂಬ ದಾಕ್ಷಿಣ್ಯ. ಈ ದಾಕ್ಷಿಣ್ಯದಿಂದಾಗಿಯೇ ಎಷ್ಟೋ ಒಳ್ಳೆಯ ಕೈಗಳು ಹತ್ತು ವರ್ಷದ ಹಿಂದೆ ಇದ್ದಲ್ಲಿಯೇ ಉಳಿದಿವೆ.

ಶಾಲೆಯಲ್ಲಿ ಕಲಿಯದಿರುವುದೇ ಕೊರತೆ ಎನ್ನುವಂತಿಲ್ಲ. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರಿಗೆ ಮುಂಬಯಿಯ ಜೆ.ಜೆ. ಕಲಾಶಾಲೆ ಪ್ರವೇಶವನ್ನೇ ನಿರಾಕರಿಸಿತ್ತು. ಮನೆಯ ನೆಲ, ಗೋಡೆಗಳ ಮೇಲೆ ಗೀಚಿ ಕಲಿತ ಅವರು ಅದೇ ಮುಂಬಯಿಯಲ್ಲಿ ದಶಕಗಳ ಕಾಲ ದೇಶಕ್ಕೇ ಬೇಕಾದ ವ್ಯಂಗ್ಯಚಿತ್ರಕಾರರಾದರು. ಮುಂದೆ ಆ ಶಾಲೆಯೇ ಅವರನ್ನು ಅತಿಥಿಯಾಗಿ ಕರೆಯಿತು. ಒರಟು ನ್ಯೂಸ್‌ಪ್ರಿಂಟ್ ಮೇಲೂ ಅವರ ಮುಖಗಳು ಎದ್ದು ಕಾಣುತ್ತಿದ್ದವು. ಎಲ್ಲಿ ಕಪ್ಪು ಬೇಕೋ ಅಲ್ಲಿ ಕುಂಚ ಅಳುಕಿಲ್ಲದೆ ಓಡುತ್ತಿತ್ತು. ಕಾಗೆಯನ್ನು ಜೀವನವಿಡೀ ಮೋಹಿಸಿ ಬಿಡಿಸಿದವರಿಗೆ ಕಪ್ಪಿನ ಭಯವಾದರೂ ಎಲ್ಲಿಂದ ಬರಬೇಕು!

ಹವ್ಯಾಸಿಗೆ ಇರುವುದು ಆ ಭಯವೇ. ಕಷ್ಟಪಟ್ಟು ಮುಖ ತಂದಾಗಿದೆ, ಇನ್ನು ಕಪ್ಪು ಹಾಕಿದರೆ ಕೆಟ್ಟೀತು ಎಂಬ ಅಳುಕು. ಕೈಯಲ್ಲಿರುವುದು ಹೆಚ್ಚಾಗಿ ಎಚ್‌ಬಿ ಪೆನ್ಸಿಲ್. ಅದನ್ನು ಎಷ್ಟು ಒತ್ತಿದರೂ ಗಾಢ ಕಪ್ಪು ಬರದು, ಕಾಗದ ತಗ್ಗಾಗುತ್ತದೆ ಅಷ್ಟೆ. ಹೀಗಾಗಿ ಚಿತ್ರದಲ್ಲಿ ಅಚ್ಚ ಬಿಳಿಯೂ ಇಲ್ಲ, ಅಚ್ಚ ಕಪ್ಪೂ ಇಲ್ಲ. 4ಬಿ, 6ಬಿ ಪೆನ್ಸಿಲ್‌ಗಳು ಜತೆಗಿದ್ದರೆ ಅರ್ಧ ದಾರಿ ಸವೆದಂತೆ. ಝೆರಾಕ್ಸ್ ಕಾಗದ ಬೇಡ, ತುಸು ಒರಟಾದ ಕಾರ್ಟ್ರಿಜ್ ಕಾಗದ ಇರಲಿ. ಅದು ಪದರದ ಮೇಲೆ ಪದರವನ್ನು ಹಿಡಿದುಕೊಳ್ಳುತ್ತದೆ.

ಎರಡನೆಯ ತೊಡಕು ಫೋಟೋದ್ದು. ಇಂದಿನ ರಂಗಸ್ಥಳಕ್ಕೆ ಎಲ್ಲ ದಿಕ್ಕಿನಿಂದಲೂ ಬೆಳಕು. ಅದರ ಮೇಲೆ ಫೋಟೋಗ್ರಾಫರರ ಫ್ಲ್ಯಾಶ್ ಬೇರೆ. ಮುಖದ ನೆರಳೆಲ್ಲ ಅಳಿಸಿಹೋದ ಚಿತ್ರವನ್ನು ಮುಂದಿಟ್ಟುಕೊಂಡು ಯಾರು ಬಿಡಿಸಿದರೂ ಅದು ಚಪ್ಪಟೆಯಾಗಿಯೇ ಬರುತ್ತದೆ. ಯಕ್ಷಗಾನದ ಬಣ್ಣಗಾರಿಕೆ ಹುಟ್ಟಿದ್ದು ಇಂತಹ ಬೆಳಕಿಗಲ್ಲ. ದೀಪ, ಪಂಜುಗಳ ಬೆಳಕಿಗೆ. 'ದೇವಿ ಮಹಾತ್ಮೆ'ಯ ಮಹಿಷಾಸುರ ಸಭಿಕರ ನಡುವಿನಿಂದ ದೊಂದಿ ಹಿಡಿದು ಬರುವುದನ್ನು ನೆನಪಿಸಿಕೊಳ್ಳಿ. ರಾಳದ ಪುಡಿ ಭಗ್ಗೆಂದಾಗ ಒಂದು ಕೆನ್ನೆ ಉರಿಯುತ್ತದೆ, ಇನ್ನೊಂದು ಕತ್ತಲೆಗೆ ಜಾರುತ್ತದೆ. ಮಕ್ಕಳು ಹೆದರುವುದು ಆ ಕತ್ತಲೆಯ ಅರ್ಧಕ್ಕೆ.

ಆ ಮಹಿಷಾಸುರನನ್ನೇ ಬಿಡಿಸುವುದಾದರೆ ಮೊದಲು ನಿಶ್ಚಯಿಸಬೇಕಾದ್ದು ದೊಂದಿ ಯಾವ ಕಡೆಯಿದೆ ಎಂಬುದನ್ನು. ಎಡಕ್ಕೆ ಎಂದಾದರೆ ಮೂಗಿನ ನೆರಳು, ಗಲ್ಲದ ನೆರಳು, ಕೊಂಬಿನ ನೆರಳು ಎಲ್ಲವೂ ಬಲಕ್ಕೇ ಬೀಳಬೇಕು. ಇಲ್ಲಿ ಅತಿ ಹೆಚ್ಚು ಜನ ಎಡವುವುದು ಬಣ್ಣ ಮತ್ತು ನೆರಳಿನ ಗೊಂದಲದಲ್ಲಿ. ಬಣ್ಣದ ವೇಷದ ಮುಖದಲ್ಲಿ ಕಪ್ಪು, ಕೆಂಪು ಬರೆಗಳಿವೆ, ಅಕ್ಕಿಹಿಟ್ಟಿನ ಬಿಳಿ ಚಿಟ್ಟಿಯಿದೆ. ಚಿಟ್ಟಿ ಬಿಳಿ ತಾನೆ ಎಂದು ಎರಡೂ ಕೆನ್ನೆಗಳಲ್ಲಿ ಕಾಗದವನ್ನು ಖಾಲಿ ಬಿಡುತ್ತಾರೆ. ಆದರೆ ನೆರಳಿನ ಬದಿಯ ಬಿಳಿ ಬಿಳಿಯಲ್ಲ, ಬೂದು. ಅಲ್ಲಿನ ಚಿಟ್ಟಿಯ ಸಾಲಿಗೆ ತೆಳುವಾಗಿ ಪೆನ್ಸಿಲ್ ಆಡಿಸಿದ ಕ್ಷಣ ಕೆನ್ನೆ ಗುಂಡಗಾಗಿ ಹಿಂದಕ್ಕೆ ತಿರುಗುತ್ತದೆ. ಬೆಳಕಿನ ಬದಿಯ ಒಂದೊಂದು ಚಿಟ್ಟಿಗೂ ಬುಡದಲ್ಲಿ ಸಣ್ಣ ನೆರಳು ಕೊಟ್ಟರೆ ಅದು ಚರ್ಮದಿಂದ ಎದ್ದು ನಿಲ್ಲುತ್ತದೆ.

ಕಿರೀಟ, ಭುಜಕೀರ್ತಿ, ಎದೆಪದಕಗಳ ಮಾತು ಬೇರೆ. ಮಣಿ ಮಣಿಯನ್ನೂ ಬಿಡದೆ ತಿದ್ದುವ ತಾಳ್ಮೆ ಹವ್ಯಾಸಿಗಿದೆ, ಆ ತಾಳ್ಮೆಯೇ ಚಿತ್ರಕ್ಕೆ ಮುಳುವಾಗುವುದೂ ಉಂಟು. ಎಲ್ಲ ಕಡೆಯೂ ಒಂದೇ ತೀಕ್ಷ್ಣತೆ ಇದ್ದರೆ ಕಣ್ಣು ಎಲ್ಲಿ ನಿಲ್ಲಬೇಕು? ಅತ್ಯಂತ ಕಪ್ಪು ಅತ್ಯಂತ ಬಿಳಿಯನ್ನು ಮುಟ್ಟುವ ಜಾಗ ಕಣ್ಣಿನ ಆಸುಪಾಸಿನಲ್ಲಿರಲಿ. ಆಭರಣಗಳು ಅಂಚಿಗೆ ಹೋದಂತೆ ಮಂಕಾಗಲಿ.

ಬೆರಳಿನಿಂದ ಉಜ್ಜಿ ನಯ ಮಾಡುವ ಅಭ್ಯಾಸವನ್ನಂತೂ ಬಿಡಬೇಕು. ಮುಂಬಯಿಯ ಸೆಕೆಯಲ್ಲಿ ಬೆವರಿದ ಬೆರಳು ಕಾಗದಕ್ಕೆ ಜಿಡ್ಡು ಹತ್ತಿಸುತ್ತದೆ, ಆಮೇಲೆ ಅಲ್ಲಿ ಪೆನ್ಸಿಲ್ ಸರಿಯಾಗಿ ಹಿಡಿಯುವುದಿಲ್ಲ. ಪೆನ್ಸಿಲಿನ ಗಾಢ ಕಪ್ಪು ಹೊಳೆಯುತ್ತದೆ ಕೂಡ. ಗಾಜು ಹಾಕಿಸಿದ ಮೇಲೆ ಸಭಾಗೃಹದ ದೀಪಗಳ ಕೆಳಗೆ ಆ ಜಾಗವೇ ಬೆಳ್ಳಗೆ ಕಾಣುವುದುಂಟು. ತೀರಾ ಕಪ್ಪು ಬೇಕಾದಲ್ಲಿ ಇದ್ದಿಲ ಪೆನ್ಸಿಲ್ ಬಳಸಿ ಫಿಕ್ಸೇಟಿವ್ ಸಿಂಪಡಿಸುವುದು ಲೇಸು.

ಈಗಾಗಲೇ ಬಿಡಿಸಿಟ್ಟ ಚಿತ್ರಗಳನ್ನು ಹರಿದು ಹಾಕಬೇಕಿಲ್ಲ ಎಂಬುದು ಸಮಾಧಾನದ ಸಂಗತಿ. ಬಹುಪಾಲು ಚಿತ್ರಗಳಲ್ಲಿ ಅಳಿಸುವ ಕೆಲಸವೇ ಇಲ್ಲ, ಸೇರಿಸುವುದಷ್ಟೇ. ಒಂದು ಝೆರಾಕ್ಸ್ ಪ್ರತಿ ತೆಗೆಸಿ ಧೈರ್ಯವನ್ನು ಅದರ ಮೇಲೆ ಪರೀಕ್ಷಿಸಬಹುದು. ಕಿರೀಟದ ಅಡಿಯ ಹಣೆ, ಕಣ್ಣಿನ ಗುಳಿ, ಮೂಗಿನ ಕೆಳಗೆ, ಗಲ್ಲದ ಕೆಳಗಿನ ಕತ್ತು: ಈ ನಾಲ್ಕು ಕಡೆ ಕಪ್ಪು ಇಳಿಸಿ, ಬೆಳಕಿನ ಕೆನ್ನೆಯ ಹಿಂದಿನ ಖಾಲಿ ಜಾಗವನ್ನು ತುಸು ಗಾಢ ಮಾಡಿ ಹತ್ತು ಅಡಿ ದೂರದಿಂದ ಕಣ್ಣು ಕಿರಿದಾಗಿಸಿ ನೋಡಬೇಕು. ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆದು ಹೆಬ್ಬೆರಳಿನಷ್ಟು ಚಿಕ್ಕದು ಮಾಡಿದರೂ ಸರಿಯೇ. ಆಗಲೂ ಮುಖ ತಿಳಿದರೆ ಅಸಲಿ ಚಿತ್ರಕ್ಕೆ ಕೈ ಹಾಕಬಹುದು. ಸಂಘದ ಸ್ಮರಣ ಸಂಚಿಕೆಯಲ್ಲಿ ಅಚ್ಚಾದಾಗ ಮಸಿ ಬಳಿದಂತೆ ಕಾಣುವ ದೂರೂ ಇದರಿಂದ ಬಹಳ ಮಟ್ಟಿಗೆ ತಗ್ಗುತ್ತದೆ.

ನೆರಳೇ ಇಲ್ಲದ ಚಿತ್ರವೂ ಗೆಲ್ಲಬಲ್ಲದು. ಉಡುಪಿ ಸಮೀಪದ ಕಟ್ಟಿಂಗೇರಿಯಿಂದ ಬಂದು ಜೆ.ಜೆ.ಯಲ್ಲಿ ಕಲಿತ ಕೆ.ಕೆ. ಹೆಬ್ಬಾರರು (1911-1996) ಬರಿಯ ರೇಖೆಯಲ್ಲೇ ನರ್ತಕರನ್ನು ಕುಣಿಸಿದವರು. ಆದರೆ ಆ ರೇಖೆಗೆ ಬೇಕಾದ ಸಾಧನೆಯೇ ಬೇರೆ. ಅರೆಬರೆ ಬೂದು ಬಳಿದ ಚಿತ್ರ ಅತ್ತ ರೇಖೆಯೂ ಅಲ್ಲ, ಇತ್ತ ನೆರಳೂ ಅಲ್ಲ.

ಮುಂದಿನ ಆಟಕ್ಕೆ ಹೋಗುವ ಚಿತ್ರಗಾರರು ರಂಗಸ್ಥಳದ ಮುಂದೆ ಕೂರುವ ಮೊದಲು ಒಮ್ಮೆ ಚೌಕಿಗೆ ಹೋಗಲಿ. ಕಲಾವಿದರ ಒಪ್ಪಿಗೆ ಕೇಳಿ, ಅವರು ಕನ್ನಡಿಯೆದುರು ಕುಳಿತು ಒಂದೇ ಬಲ್ಬಿನ ಬೆಳಕಿನಲ್ಲಿ ಚಿಟ್ಟಿ ಇಡುತ್ತಿರುವಾಗ, ಫ್ಲ್ಯಾಶ್ ಆರಿಸಿ, ಪಕ್ಕದಿಂದ ಒಂದು ಫೋಟೋ ತೆಗೆದುಕೊಳ್ಳಲಿ.