ಹಗೇವು ಮತ್ತು ಉಗ್ರಾಣ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕರಿನೆಲದಲ್ಲಿ ಮುಂಗಾರಿಗೆ ಬಿತ್ತಿದ ತೊಗರಿಯು ಡಿಸೆಂಬರ್-ಜನವರಿಗಳಲ್ಲಿ ರಾಶಿಗೆ ಬರುತ್ತದೆ. ಎಲ್ಲರ ಹೊಲವೂ ಒಂದೇ ಕಾಲಕ್ಕೆ ಬಲಿಯುವುದರಿಂದ ಎಲ್ಲರ ಚೀಲಗಳೂ ಒಮ್ಮೆಗೇ ಪೇಟೆಯನ್ನು ಸೇರುತ್ತವೆ. ಆದರೆ ಬೇಳೆಯನ್ನು ಜನ ವರ್ಷವಿಡೀ ಉಣ್ಣುತ್ತಾರೆ. ಪೂರೈಕೆಗೂ ಬೇಡಿಕೆಗೂ ನಡುವಣ ಈ ಅಂತರವನ್ನು ತುಂಬುವುದು ಕೂಡಿಡುವ ಸ್ಥಳ. ಆ ಸ್ಥಳಕ್ಕೂ ಬೆಲೆಯುಂಟು, ಅದೂ ಏರಿಳಿಯುತ್ತದೆ.

ಹಿಂದೆ ಈ ಭಾಗದ ರೈತರು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದೊಳಗೆ ತೋಡಿದ, ಬಾಯಿ ಕಿರಿದಾಗಿ ಒಡಲು ಹಿರಿದಾಗಿರುವ ಗುಂಡಿಯೇ ಹಗೇವು. ಒಳಗೆ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತಿದರೆ ಗಾಳಿಯಾಡದೆ ಹುಳುಗಳು ಸಾಯುತ್ತಿದ್ದವು. ತೆರೆದೊಡನೆ ಒಳಗಿಳಿದ ಮನುಷ್ಯನೂ ಉಸಿರುಕಟ್ಟಿ ಸಾಯುವ ಅಪಾಯವಿತ್ತು. ಆದುದರಿಂದ ಬಹಳ ಹೊತ್ತು ಬಾಯಿ ತೆರೆದಿಟ್ಟ ಮೇಲೆಯೇ ಇಳಿಯುತ್ತಿದ್ದರು. ಜಾಣತನದ ಏರ್ಪಾಡೇನೋ ಹೌದು. ಆದರೆ ನೆಲದಡಿಯ ಕಾಳನ್ನು ತೋರಿಸಿ ಬ್ಯಾಂಕಿನಲ್ಲಿ ಸಾಲ ಕೇಳುವಂತಿರಲಿಲ್ಲ.

ಈ ಕೊರತೆಯನ್ನು ನೀಗಿದ್ದು ಬಾಡಿಗೆಯ ಉಗ್ರಾಣ. 1956ರ ಕಾಯಿದೆಯ ಮೇರೆಗೆ 1957ರಲ್ಲಿ ಕೇಂದ್ರ ಉಗ್ರಾಣ ನಿಗಮವು ಸ್ಥಾಪಿತವಾಯಿತು. ರಾಜ್ಯಗಳಲ್ಲಿಯೂ ನಿಗಮಗಳು ಹುಟ್ಟಿಕೊಂಡವು. ಇಲ್ಲಿ ಅನೇಕರ ಚೀಲಗಳು ಒಂದೇ ಸೂರಿನಡಿ ಬೇರೆ ಬೇರೆಯಾಗಿ ಇರುತ್ತವೆ. ಇಟ್ಟವನಿಗೆ ರಸೀತಿ ದೊರೆಯುತ್ತದೆ. ಅದರ ಆಧಾರದ ಮೇಲೆ ಸಾಲವನ್ನೂ ಪಡೆಯಬಹುದು. ಬೀಜ-ಗೊಬ್ಬರದ ಸಾಲ ಹೊತ್ತ ಸಣ್ಣ ರೈತನಿಗೆ ಇದು ಸಾಮಾನ್ಯ ಸಂಗತಿಯಲ್ಲ. ರಸೀತಿ ಇಲ್ಲದವನು ಸುಗ್ಗಿಯಲ್ಲಿಯೇ ಸಿಕ್ಕ ಬೆಲೆಗೆ ಮಾರಬೇಕು. ಕಾಯುವ ಶಕ್ತಿಯುಳ್ಳ ವ್ಯಾಪಾರಿ ಅದನ್ನೇ ಕೊಂಡು ಕೂಡಿಡುತ್ತಾನೆ.

ಆದರೂ ಕಾಯುವಿಕೆ ಸದಾ ಲಾಭದಾಯಕವಲ್ಲ. 2015ರಲ್ಲಿ ದೇಶದ ಕೆಲವು ನಗರಗಳಲ್ಲಿ ತೊಗರಿಬೇಳೆಯ ಬೆಲೆ ಕಿಲೋಗೆ 200 ರೂಪಾಯಿ ಮುಟ್ಟಿತು. ಅದನ್ನು ಕಂಡು ಮರುವರ್ಷ ರೈತರು ಹೆಚ್ಚು ನೆಲದಲ್ಲಿ ತೊಗರಿ ಬಿತ್ತಿದರು, ಮಳೆಯೂ ಒಲಿಯಿತು. 2015-16ರಲ್ಲಿ ಸುಮಾರು 25 ಲಕ್ಷ ಟನ್ನಿದ್ದ ದೇಶದ ಇಳುವರಿ 2016-17ರಲ್ಲಿ 48 ಲಕ್ಷ ಟನ್ನನ್ನು ದಾಟಿತು. ಬೆಲೆಯೋ ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಇಂಥ ವರ್ಷಗಳಲ್ಲಿ ಚೀಲ ಇಟ್ಟು ಕುಳಿತರೆ ಬಾಡಿಗೆ ಮಾತ್ರ ಏರುತ್ತದೆ.

ನಗರಗಳಲ್ಲಿ ಈಗ ಇನ್ನೊಂದು ಬಗೆಯ ಉಗ್ರಾಣಗಳು ಎದ್ದಿವೆ. ಅವುಗಳಿಗೆ ಡೇಟಾ ಸೆಂಟರ್ ಎಂದು ಹೆಸರು. ಒಬ್ಬನು ಕಟ್ಟಡ, ವಿದ್ಯುತ್ತು, ತಂಪು, ಕಾವಲುಗಳನ್ನು ಒದಗಿಸುತ್ತಾನೆ. ಹಲವು ಸಂಸ್ಥೆಗಳು ತಮ್ಮ ಕಂಪ್ಯೂಟರುಗಳನ್ನು ಅಲ್ಲಿರಿಸಿ ಬಾಡಿಗೆ ಕೊಡುತ್ತವೆ. ನೆಲದ ಅಳತೆಗಿಂತ ವಿದ್ಯುತ್ತಿನ ಅಳತೆಯೇ ಇಲ್ಲಿ ಮುಖ್ಯ. ಸಮುದ್ರದಡಿಯ ತಂತಿಗಳು ಬಂದು ಸೇರುವ ಮುಂಬಯಿ, ಚೆನ್ನೈಗಳಲ್ಲಿ ಇವು ಹೆಚ್ಚು. ಇಂಥ ಕಟ್ಟಡಕ್ಕೆ ನೆಲ ಕೊಂಡು, ವಿದ್ಯುತ್ ಮಾರ್ಗ ಎಳೆದು ಮುಗಿಸುವಷ್ಟರಲ್ಲಿ ವರ್ಷಗಳೇ ಉರುಳುತ್ತವೆ. ಅಷ್ಟರೊಳಗೆ ಬೇಡಿಕೆ ಹೆಚ್ಚಿದರೆ ಬಾಡಿಗೆ ಏರುತ್ತದೆ. ಅದನ್ನು ಕಂಡು ಹಲವರು ಒಟ್ಟಿಗೆ ಕಟ್ಟಿದರೆ ಕೋಣೆಗಳು ಬರಿದಾಗಿ ಉಳಿಯುತ್ತವೆ. 2015ರ ಬೆಲೆಯನ್ನು ನೋಡಿ 2016ರಲ್ಲಿ ಬಿತ್ತಿದ ಕಥೆಯೇ ಇದು.

ವ್ಯತ್ಯಾಸವೂ ಇಲ್ಲದಿಲ್ಲ. ತೊಗರಿ ಮಾರಾಟವಾದೊಡನೆ ಉಗ್ರಾಣ ತೆರವಾಗುತ್ತದೆ. ಆದರೆ ‘ಭೂಮಿ’ ಯೋಜನೆಯಿಂದ ಕಂಪ್ಯೂಟರಿಗೆ ಸೇರಿದ ಜೇವರ್ಗಿಯ ರೈತನ ಪಹಣಿ ಹಾಗೆ ಹೊರಬೀಳುವುದಿಲ್ಲ. ಹಂಗಾಮು ಹಂಗಾಮಿಗೂ ಅದರ ಪಕ್ಕಕ್ಕೆ ಹೊಸ ಬೆಳೆಯ ವಿವರ ಬಂದು ಕೂಡುತ್ತದೆ.