ಅಂಜಬೇಕಾದುದು ಯಂತ್ರಕ್ಕಲ್ಲ

ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ನಿಮ್ಹಾನ್ಸ್, ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ, ಈ ಮೂರೂ ನೆರೆಯಲ್ಲಿಯೇ ಇರುವುದರಿಂದ, ಉಸಿರಾಟಕ್ಕೆ ಯಂತ್ರದ ನೆರವು ಬೇಕಾದ ಕೂಸನ್ನು ಮನೆಗೆ ಕರೆತರುವ ಸುದ್ದಗುಂಟೆಪಾಳ್ಯದ ತಂದೆತಾಯಿಗಳಿಗೆ ತಜ್ಞರ ಸಲಹೆಯೇನೋ ದುರ್ಲಭವಲ್ಲ. ಆದರೆ ಮನೆಗೆ ಬಂದ ಮೇಲೆ ಬಂಧುಗಳೂ ನೆರೆಹೊರೆಯವರೂ ಆಡುವ ಮಾತುಗಳನ್ನು ಕೇಳಿದರೆ, ಜನರ ಭೀತಿಯೆಲ್ಲ ಯಂತ್ರದ ಮೇಲೆಯೇ ನೆಟ್ಟಿದ್ದು, ದೇವರ ಮನೆಯ ದೀಪದ ವಿಷಯದಲ್ಲಿ ಯಾರಿಗೂ ಎಳ್ಳಷ್ಟು ಸಂಶಯವಿಲ್ಲದಿರುವುದು ಕಂಡುಬರುತ್ತದೆ.

ಆಕ್ಸಿಜನ್ ಕಾನ್ಸಂಟ್ರೇಟರ್ ಕೋಣೆಯ ಪ್ರಾಣವಾಯುವನ್ನೆಲ್ಲ ಹೀರಿಬಿಡುವುದರಿಂದ ಅಲ್ಲಿ ಬೇರೆಯವರು ಮಲಗಬಾರದೆಂಬುದು ಮೊದಲನೆಯ ಭ್ರಾಂತಿ. ಗಾಳಿಯಲ್ಲಿರುವ ಸುಮಾರು ಶೇಕಡ 78 ಭಾಗ ಸಾರಜನಕವನ್ನು ಜಿಯೋಲೈಟ್ ಹರಳುಗಳಲ್ಲಿ ತಡೆಹಿಡಿದು, ಉಳಿದ ಆಮ್ಲಜನಕವನ್ನು ಮಗುವಿಗಿತ್ತು, ಸಾರಜನಕವನ್ನು ಮತ್ತೆ ಅದೇ ಕೋಣೆಗೆ ಬಿಡುವುದಷ್ಟೇ ಆ ಯಂತ್ರದ ಕೆಲಸ. ಮಗುವಿನ ನಿಶ್ವಾಸವೂ ಅಲ್ಲಿಗೇ ಸೇರುವುದರಿಂದ ಕೋಣೆಯ ಗಾಳಿ ಬಡವಾಗುವುದಿಲ್ಲ. ಸದ್ದು ತಾಳಲಾರದೆ ಅದನ್ನು ಬೀರುವಿನ ಸಂದಿಯಲ್ಲಿಯೋ ಪರದೆಯ ಹಿಂದೆಯೋ ಅಡಗಿಸುವುದು ಮಾತ್ರ ತಪ್ಪು. ಯಂತ್ರಕ್ಕೂ ಗಾಳಿ ಬೇಕು.

‘ಆಕ್ಸಿಜನ್ ತಾನೇ ಹತ್ತಿಕೊಂಡು ಸಿಡಿಯುತ್ತದೆ’ ಎಂಬ ಮಾತೂ ಸತ್ಯಕ್ಕೆ ದೂರ. ಆಮ್ಲಜನಕ ಸ್ವತಃ ಉರಿಯುವ ವಸ್ತುವಲ್ಲ. ಉರಿಯುವುದೆಲ್ಲವನ್ನೂ ಘೋರವಾಗಿ ಉರಿಸುವ ವಸ್ತು. ಕೊಳವೆಯನ್ನು ಹಾಸಿಗೆಯ ಮೇಲೆ ಬಿಟ್ಟು ಯಂತ್ರವನ್ನು ನಿಲ್ಲಿಸದೆ ಹೋದರೆ, ಹೊದಿಕೆಯ ಎಳೆಎಳೆಗೂ ಅದು ಸೇರಿಕೊಂಡು, ಆಮೇಲೆ ಬಿದ್ದ ಒಂದು ಕಿಡಿಯೂ ಜ್ವಾಲೆಯಾಗಬಲ್ಲುದು. ಹೀಗಿರುವಾಗ ಎರೆದ ಕೂಸಿಗೆ ಸಾಂಬ್ರಾಣಿಯ ಹೊಗೆ ಹಿಡಿಯುವುದು, ತೊಟ್ಟಿಲ ಬಳಿ ಊದುಬತ್ತಿ ಸಿಕ್ಕಿಸುವುದು, ಪೊರಕೆಕಡ್ಡಿ ಹೊತ್ತಿಸಿ ದೃಷ್ಟಿ ತೆಗೆಯುವುದು ಇವೆಲ್ಲ ವಾತ್ಸಲ್ಯದಿಂದಲೇ ನಡೆದರೂ ಅಪಾಯಕರವೇ ಸರಿ. ಹೊಗೆಯಂತೂ ದುರ್ಬಲ ಶ್ವಾಸಕೋಶಕ್ಕೆ ಬೇರೆಯೇ ಶತ್ರು. (ದೃಷ್ಟಿಯನ್ನು ಉಪ್ಪಿನಿಂದ ನಿವಾಳಿಸಿ ನೀರಿಗೆ ಹಾಕಿದರೂ ಆದೀತು, ಅಜ್ಜಿಯರು ಕ್ಷಮಿಸಬೇಕು.) ಮೂಗು ಒಣಗಿತೆಂದು ಹಚ್ಚುವ ಕೊಬ್ಬರಿ ಎಣ್ಣೆ, ವ್ಯಾಸಲೀನ್, ಬಿಗಿಯಾಯಿತೆಂದು ಸಿಲಿಂಡರ್‌ನ ವಾಲ್ವಿಗೆ ಬಿಡುವ ಎಣ್ಣೆ, ಇವೂ ವರ್ಜ್ಯ.

ಎಲ್ಲಕ್ಕಿಂತ ಅಪಾಯದ ಘಳಿಗೆ ಮಳೆಗಾಲದ ಸಂಜೆ ಕರೆಂಟು ಹೋದದ್ದು: ಒಬ್ಬರು ಸಿಲಿಂಡರ್ ತೆರೆಯುವ ಹೊತ್ತಿಗೇ ಇನ್ನೊಬ್ಬರು ಮೇಣದ ಬತ್ತಿ ಹಚ್ಚುತ್ತಾರೆ. ಅಲ್ಲಿರಬೇಕಾದುದು ಟಾರ್ಚು. ಮನೆಯಲ್ಲಿ ಯುಪಿಎಸ್ ಇದೆಯೆಂಬ ಧೈರ್ಯವೂ ಸಾಲದು; ದೀಪಕ್ಕೂ ಫ್ಯಾನಿಗೂ ಸಾಕಾಗುವುದು ಮುನ್ನೂರು ವ್ಯಾಟ್ ಮೀರುವ ಕಾನ್ಸಂಟ್ರೇಟರನ್ನು ಬಹಳ ಹೊತ್ತು ಹೊರಲಾರದು. ತುಂಬಿದ ‘ಬಿ’ ಮಾದರಿಯ ಸಿಲಿಂಡರ್‌ನಲ್ಲಿ ಸುಮಾರು 1,500 ಲೀಟರ್ ಇರುವುದರಿಂದ, ನಿಮಿಷಕ್ಕೊಂದು ಲೀಟರಿನಂತೆ ಒಂದು ಹಗಲು ಒಂದು ರಾತ್ರಿ ನಡೆಯುತ್ತದೆ. ಬೆಸ್ಕಾಂನ 1912ಕ್ಕೆ ಕರೆಮಾಡಲು ಅಷ್ಟು ವ್ಯವಧಾನ ಸಾಕು.

ಪ್ರಾಣವಾಯು ಚಟವಾಗಿ ಅಂಟಿಕೊಳ್ಳುತ್ತದೆಂದು ಅಂಜಿ ಆಗಾಗ ನಿಲ್ಲಿಸುವವರಿದ್ದಾರೆ. ಹೆಚ್ಚಿದಷ್ಟೂ ಒಳ್ಳೆಯದೆಂದು ಗುಂಡಿ ತಿರುಗಿಸುವವರೂ ಇದ್ದಾರೆ. ಚಟವೆಂಬುದು ಸುಳ್ಳು: ಅಕಾಲದಲ್ಲಿ ಹುಟ್ಟಿದ ಅನೇಕ ಶಿಶುಗಳು ಶ್ವಾಸಕೋಶ ಬೆಳೆದಂತೆಲ್ಲ ಅದನ್ನು ಬಿಡುತ್ತವೆ. ಅತಿಯಾದರೆ ಹಾನಿಯೆಂಬುದು ನಿಜ: ಅಂಥ ಶಿಶುಗಳ ದೃಷ್ಟಿನಾಶಕ್ಕೂ ಮಿತಿಮೀರಿದ ಆಮ್ಲಜನಕಕ್ಕೂ ಇರುವ ಸಂಬಂಧವನ್ನು ಮೆಲ್ಬರ್ನಿನ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ 1951ರಲ್ಲಿಯೇ ಎತ್ತಿ ತೋರಿಸಿದರು. ನಾರಾಯಣ ನೇತ್ರಾಲಯದ ‘ಕಿಡ್‌ರಾಪ್’ ಯೋಜನೆ ಜಿಲ್ಲೆಜಿಲ್ಲೆಗೆ ಹೋಗಿ ಕೂಸುಗಳ ಕಣ್ಣು ಪರೀಕ್ಷಿಸುವುದು ಆ ವ್ಯಾಧಿಗಾಗಿಯೇ. ಮಾಂಸಖಂಡಗಳ ದೌರ್ಬಲ್ಯವುಳ್ಳ ಮಗುವಿನಲ್ಲಿಯಂತೂ, ಆಕ್ಸಿಜನ್ನಿನಿಂದ ಆಕ್ಸಿಮೀಟರಿನ ಅಂಕಿ ಚೆನ್ನಾಗಿ ಕಾಣುತ್ತಿರುವಾಗಲೇ ಇಂಗಾಲದ ಡೈಆಕ್ಸೈಡ್ ಒಳಗೆ ಶೇಖರವಾಗುತ್ತಿರಬಹುದು. ವೈದ್ಯರು ಬರೆದುಕೊಟ್ಟ ಪ್ರಮಾಣವನ್ನು ಮನೆಯವರು ಬದಲಿಸತಕ್ಕದ್ದಲ್ಲ.

ಇನ್ನು ಕುತ್ತಿಗೆಯಲ್ಲಿ ಟ್ರಕಿಯಾಸ್ಟಮಿ ನಳಿಕೆಯಿರುವ ಮಗು: ‘ತೊಂದರೆಯಾದರೆ ಅತ್ತೇ ಅಳುತ್ತದೆ, ಅಡುಗೆಮನೆಗೆ ಕೇಳಿಸುತ್ತದೆ’ ಎಂಬ ನೆಚ್ಚಿಕೆ ಅದರ ವಿಷಯದಲ್ಲಿ ಸಲ್ಲದು; ಉಸಿರು ಧ್ವನಿತಂತುಗಳನ್ನು ಮುಟ್ಟದೆ ನಳಿಕೆಯಿಂದಲೇ ಹೊರಹೋಗುವುದರಿಂದ ಆ ಅಳುವಿಗೆ ಸದ್ದು ಇಲ್ಲದಿರಬಹುದು. ಕಣ್ಣಳತೆಯಲ್ಲಿ ಎಚ್ಚೆತ್ತವರೊಬ್ಬರು ರಾತ್ರಿಯೂ ಇರಬೇಕು. ಕಫ ಕಟ್ಟಿ ನಳಿಕೆ ಮುಚ್ಚಿ, ಸಕ್ಷನ್ ಮಷಿನ್ನಿಗೂ ಬಗ್ಗದೆ ಹೋದಾಗ, ಬದಲಿಸುವುದು ವೈದ್ಯರ ಕೆಲಸವೆಂದು 108ಕ್ಕೆ ಕರೆಮಾಡಿ ಕಾದು ಕೂರುವಂತಿಲ್ಲ. ಕರೆಯನ್ನು ಇನ್ನೊಬ್ಬರು ಮಾಡುತ್ತಿರುವಾಗಲೇ ನಳಿಕೆ ಬದಲಾಗಬೇಕು. ಅದೇ ಅಳತೆಯದೊಂದು, ಅದಕ್ಕಿಂತ ಚಿಕ್ಕದೊಂದು ಸದಾ ಮಗುವಿನ ಜೊತೆಗಿರಬೇಕು. ಆಸ್ಪತ್ರೆ ಬಿಡುವ ಮುನ್ನವೇ ದಾದಿಯರ ಕಣ್ಣೆದುರು ಈ ಕೈಕೆಲಸವನ್ನು ಮನೆಯ ಇಬ್ಬರಾದರೂ ಕಲಿತಿರಬೇಕು. ಒಬ್ಬರು ಸ್ನಾನಕ್ಕೆ ಹೋದಾಗ ಇನ್ನೊಬ್ಬರಿರಬೇಕಷ್ಟೆ.