ಮನೆಯೊಳಗಿನ ಗಾಳಿ ಮತ್ತು ಕ್ಷಯರೋಗ

ಕುಡಿಯುವ ನೀರನ್ನು ಸೋಸುವುದು, ಉಣ್ಣುವ ಅನ್ನವನ್ನು ಮುಚ್ಚಿಡುವುದು ನಮ್ಮ ಮನೆಗಳಲ್ಲಿ ರೂಢಿಯಲ್ಲಿದೆ. ಆದರೆ ಹಗಲಿರುಳೂ ಉಸಿರಾಡುವ ಗಾಳಿಯ ಶುದ್ಧಿಯನ್ನು ಕುರಿತು ಯೋಚಿಸುವವರು ವಿರಳ. ವಯಸ್ಕನೊಬ್ಬನು ಒಂದು ದಿನದಲ್ಲಿ ಸುಮಾರು 10,000 ಲೀಟರ್ ಗಾಳಿಯನ್ನು ಸೇವಿಸುತ್ತಾನೆ. ಆ ಗಾಳಿಯ ಮೂಲಕ ಹರಡುವ ರೋಗಗಳಲ್ಲಿ ಕುಟುಂಬಕ್ಕೆ ಅತಿ ಹೆಚ್ಚು ಹಾನಿ ಮಾಡುವುದು ಕ್ಷಯರೋಗ, ಅಂದರೆ ಟಿ.ಬಿ. ಇದು ಹರಡುವ ಬಗೆಯನ್ನೂ ತಡೆಯುವ ಬಗೆಯನ್ನೂ ಗಂಡಹೆಂಡಿರಿಬ್ಬರೂ ಅರಿತಿರುವುದು ಅವಶ್ಯ.

ರೋಗಾಣು ಗಾಳಿಗೆ ಸೇರುವ ಬಗೆ

ಕ್ಷಯವು ಶಾಪದಿಂದಾಗಲಿ, ವಂಶದ ದೋಷದಿಂದಾಗಲಿ ಬರುವುದಲ್ಲ. ಜರ್ಮನಿಯ ವೈದ್ಯ ರಾಬರ್ಟ್ ಕಾಕ್ ಅವರು ಈ ರೋಗಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು 1882ರಲ್ಲಿ ತೋರಿಸಿಕೊಟ್ಟರು. ಶ್ವಾಸಕೋಶದ ಕ್ಷಯವಿರುವ ವ್ಯಕ್ತಿ ಕೆಮ್ಮಿದಾಗ ಸಣ್ಣ ಸಣ್ಣ ತುಂತುರು ಹನಿಗಳು ಹೊರಬೀಳುತ್ತವೆ. ದೊಡ್ಡ ಹನಿಗಳು ನೆಲಕ್ಕೆ ಬೀಳುತ್ತವೆ. ಅತಿ ಸಣ್ಣವು ಕ್ಷಣಾರ್ಧದಲ್ಲಿ ಒಣಗಿ, ಕಣ್ಣಿಗೆ ಕಾಣದ ಕಣಗಳಾಗಿ, ರೋಗಾಣುವನ್ನು ಹೊತ್ತು ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲಾಡುತ್ತವೆ. ಅದೇ ಗಾಳಿಯನ್ನು ಉಸಿರಾಡುವ ಇತರರ ಶ್ವಾಸಕೋಶವನ್ನು ಅವು ಸೇರಬಲ್ಲವು.

ಇದನ್ನು 1950ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಆಸ್ಪತ್ರೆಯೊಂದರಲ್ಲಿ ಪರೀಕ್ಷಿಸಲಾಯಿತು. ಕ್ಷಯರೋಗಿಗಳ ಕೋಣೆಯ ಗಾಳಿಯನ್ನು ಕೊಳವೆಯ ಮೂಲಕ ಗಿನಿ ಹಂದಿ ಎಂಬ ಪುಟ್ಟ ಪ್ರಾಣಿಗಳ ಗೂಡಿಗೆ ಹಾಯಿಸಿದರು. ರೋಗಿಗಳನ್ನು ಮುಟ್ಟದೆ, ಅವರ ಎಂಜಲು ತಿನ್ನದೆ, ಕೇವಲ ಆ ಗಾಳಿಯಿಂದಲೇ ಪ್ರಾಣಿಗಳಿಗೆ ಸೋಂಕು ತಗುಲಿತು. ನೇರಳಾತೀತ ಕಿರಣಗಳನ್ನು ಹಾಯಿಸಿದ ಗಾಳಿಯನ್ನು ಸೇವಿಸಿದ ಪ್ರಾಣಿಗಳಿಗೆ ಸೋಂಕು ತಗುಲಲಿಲ್ಲ. ಸೂರ್ಯನ ಬಿಸಿಲಿನಲ್ಲಿಯೂ ಇಂತಹ ಕಿರಣಗಳಿವೆ.

ತಟ್ಟೆ ಬೇರೆ ಮಾಡುವುದರಿಂದ ಪ್ರಯೋಜನವಿಲ್ಲ

ಆದುದರಿಂದ ಒಂದು ಮಾತು ಸ್ಪಷ್ಟವಾಗಿದೆ. ತಟ್ಟೆ, ಲೋಟ, ಬಟ್ಟೆಗಳಿಂದ ಕ್ಷಯ ಹರಡುವುದಿಲ್ಲ. ಆದರೂ ಸೊಸೆಗೆ ಈ ರೋಗ ತಗುಲಿತೆಂದರೆ ಅವಳ ತಟ್ಟೆಯನ್ನು ಬೇರೆಯಿಟ್ಟು, ಕಡೆಗೆ ಅವಳನ್ನೇ ತವರಿಗೆ ಕಳುಹಿಸಿಬಿಡುವ ಮನೆಗಳುಂಟು. ಇದರಿಂದ ಆಕೆಯ ಔಷಧಿ ನಡುವೆಯೇ ನಿಂತುಹೋಗುತ್ತದೆ, ರೋಗ ಉಲ್ಬಣಿಸುತ್ತದೆ, ತವರಿನ ಮಕ್ಕಳಿಗೂ ಅಪಾಯವುಂಟಾಗುತ್ತದೆ. ಮದ್ರಾಸಿನಲ್ಲಿ 1956ರಲ್ಲಿ ಆರಂಭವಾದ ಪ್ರಸಿದ್ಧ ಅಧ್ಯಯನವು, ಇಕ್ಕಟ್ಟಾದ ಮನೆಯಲ್ಲಿದ್ದುಕೊಂಡೇ ಔಷಧಿ ಪಡೆದ ರೋಗಿಗಳಿಂದ ಮನೆಯವರಿಗೆ ಹೆಚ್ಚಿನ ಅಪಾಯವಾಗಲಿಲ್ಲವೆಂದು ತೋರಿಸಿತು. ಸರಿಯಾದ ಔಷಧಿ ಆರಂಭವಾದ ಕೆಲವೇ ವಾರಗಳಲ್ಲಿ ರೋಗಿಯಿಂದ ಸೋಂಕು ಹರಡುವುದು ಬಹುಮಟ್ಟಿಗೆ ನಿಲ್ಲುತ್ತದೆ. ಮನೆಯ ಗಾಳಿಯನ್ನು ಶುದ್ಧಗೊಳಿಸುವ ಮೊದಲ ಉಪಾಯವೆಂದರೆ ರೋಗಿಗೆ ಬೇಗನೆ ಚಿಕಿತ್ಸೆ ಕೊಡಿಸುವುದೇ.

ನಮ್ಮ ಮನೆಗಳಲ್ಲಿ ಮಾಡಬೇಕಾದುದು

ರಾಯಚೂರು ನಗರದ ಹಳೆಯ ಓಣಿಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳಿವೆ. ಮಾನ್ವಿಯ ಭತ್ತದ ಸೀಮೆಯಲ್ಲಿ ಸುಗ್ಗಿ ಮುಗಿದೊಡನೆ ಚೀಲಗಳನ್ನು ಕಿಟಕಿಗೆ ಅಡ್ಡವಾಗಿ ಒಟ್ಟುವುದುಂಟು. ದೇವದುರ್ಗದಿಂದ ಬೆಂಗಳೂರಿಗೆ ದುಡಿಯಲು ಹೋಗುವ ದಂಪತಿಗಳು ಕಿಟಕಿಯಿಲ್ಲದ ತಗಡಿನ ಶೆಡ್ಡಿನಲ್ಲಿ ಮಕ್ಕಳೊಡನೆ ಮಲಗುತ್ತಾರೆ. ಇಂತಹ ಕಡೆಗಳಲ್ಲಿಯೂ ಈ ಕ್ರಮಗಳು ಸಾಧ್ಯ:

1. ಎದುರುಬದುರಾದ ಕಿಟಕಿ ಬಾಗಿಲುಗಳನ್ನು ತೆರೆದಿಡಿ. ಒಂದು ಕಡೆಯಿಂದ ಬಂದ ಗಾಳಿ ಮತ್ತೊಂದು ಕಡೆಯಿಂದ ಹೊರಹೋದರೆ ತೇಲುವ ರೋಗಾಣುಗಳೂ ಹೊರಹೋಗುತ್ತವೆ. ಬೇಸಗೆಯ ಮಧ್ಯಾಹ್ನ ಬಿಸಿಗಾಳಿಗೆ ಮುಚ್ಚಿದರೂ ಬೆಳಗ್ಗೆ, ಸಂಜೆ ಮತ್ತು ರಾತ್ರಿ ತೆರೆಯಿರಿ.

2. ಮಾಳಿಗೆಯ ಬೆಳಕಿಂಡಿಯನ್ನು ಮುಚ್ಚಬೇಡಿ. ಹೊಸ ಮನೆ ಕಟ್ಟುವಾಗ ಪ್ರತಿ ಕೋಣೆಗೂ ಎರಡು ಕಡೆ ಗಾಳಿಯ ದಾರಿಯಿರಲಿ.

3. ಕೆಮ್ಮುವಾಗ ಸೆರಗನ್ನೋ ವಸ್ತ್ರವನ್ನೋ ಬಾಯಿಗೆ ಅಡ್ಡ ಹಿಡಿಯಿರಿ. ಕಫವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಉಗುಳಿ, ಕುದಿಸಿ ಅಥವಾ ಸುಟ್ಟು ನಾಶಪಡಿಸಿ.

4. ಚಿಕಿತ್ಸೆಯ ಆರಂಭದ ವಾರಗಳಲ್ಲಿ ರೋಗಿಯು ಪಡಸಾಲೆಯಲ್ಲಿ, ಅಥವಾ ಹವೆ ಅನುಕೂಲವಾಗಿದ್ದರೆ ಮಾಳಿಗೆಯ ಮೇಲೆ, ಮಕ್ಕಳಿಂದ ಬೇರೆಯಾಗಿ ಮಲಗಲಿ. ಹಗಲಿನಲ್ಲಿ ಬಯಲಿನಲ್ಲಿ ಕುಳಿತು ಎಲ್ಲರೊಡನೆ ಮಾತಾಡಲು ಹಿಂಜರಿಯಬೇಕಾಗಿಲ್ಲ.

5. ಒಲೆಯ ಹೊಗೆ ಮತ್ತು ಬೀಡಿಯ ಹೊಗೆ ಶ್ವಾಸಕೋಶವನ್ನು ದುರ್ಬಲಗೊಳಿಸುತ್ತವೆ. ಒಲೆಯ ಹೊಗೆಗೆ ದಾರಿ ಮಾಡಿ, ಬೀಡಿಯನ್ನು ಬಿಟ್ಟುಬಿಡಿ.

ಪರೀಕ್ಷೆ ಮತ್ತು ಔಷಧಿ

ಎರಡು ವಾರಕ್ಕಿಂತ ಹೆಚ್ಚು ಕಾಲ ಕೆಮ್ಮು, ಸಂಜೆಯ ಜ್ವರ, ತೂಕ ಕಡಿಮೆಯಾಗುವುದು, ಕಫದಲ್ಲಿ ರಕ್ತ – ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಹೋಗಿರಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಕಫ ಪರೀಕ್ಷೆಯೂ ಔಷಧಿಯೂ ಉಚಿತ. ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆಯ ಅವಧಿ 6 ತಿಂಗಳು. ಎರಡು ತಿಂಗಳಲ್ಲಿ ಗುಣವಾದಂತೆ ಕಂಡರೂ ಔಷಧಿ ನಿಲ್ಲಿಸಬಾರದು. ನಿಲ್ಲಿಸಿದರೆ ಔಷಧಿಗೆ ಬಗ್ಗದ ಕ್ಷಯ ಹುಟ್ಟಿಕೊಳ್ಳಬಹುದು. ದುಡಿಯಲು ಬೇರೆ ಊರಿಗೆ ಹೋಗುವವರು ಮುಂಚಿತವಾಗಿ ತಿಳಿಸಿದರೆ ಅಲ್ಲಿಯೇ ಔಷಧಿ ದೊರೆಯುವ ವ್ಯವಸ್ಥೆಯಿದೆ. ಪೌಷ್ಟಿಕ ಆಹಾರಕ್ಕಾಗಿ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡಲಾಗುತ್ತಿತ್ತು. 2024ರ ನವೆಂಬರ್‌ನಿಂದ ಈ ಮೊತ್ತ 1,000 ರೂಪಾಯಿ. ಮನೆಯ ಇತರರೂ ಪರೀಕ್ಷೆ ಮಾಡಿಸಿಕೊಂಡು, ವೈದ್ಯರು ಹೇಳಿದರೆ ರೋಗ ತಡೆಯುವ ಔಷಧಿಯನ್ನು ಸೇವಿಸತಕ್ಕದ್ದು.

ದಂಪತಿಗಳು ವಿಶೇಷವಾಗಿ ಗಮನಿಸಿ

ಕ್ಷಯದ ಮುಖ್ಯ ಔಷಧಿಯಾದ ರಿಫಾಂಪಿಸಿನ್, ಸಂತಾನ ನಿಯಂತ್ರಣದ ನುಂಗುವ ಮಾತ್ರೆಗಳ ಶಕ್ತಿಯನ್ನು ಕುಂದಿಸುತ್ತದೆ. ಆದುದರಿಂದ ಚಿಕಿತ್ಸೆಯ ಕಾಲದಲ್ಲಿ, ಮುಗಿದ ನಂತರವೂ ಕನಿಷ್ಠ 4 ವಾರ, ನಿರೋಧ್ ಅಥವಾ ಕಾಪರ್-ಟಿ ಬಳಸಿರಿ. ಈ ಔಷಧಿಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿಯಾಗಬೇಡಿ. ಗರ್ಭಿಣಿಗೆ ರೋಗವಿದ್ದರೆ ವೈದ್ಯರಿಗೆ ತಿಳಿಸಿ ಚಿಕಿತ್ಸೆ ಪಡೆಯಬೇಕು. ಬಿಟ್ಟರೆ ತಾಯಿಗೂ ಮಗುವಿಗೂ ಅಪಾಯ. ಔಷಧಿ ಸೇವಿಸುತ್ತಿರುವ ತಾಯಿಯು ಬಾಯಿ ಮೂಗು ಮುಚ್ಚಿಕೊಂಡು ಮಗುವಿಗೆ ಎದೆಹಾಲು ಕೊಡಬಹುದು. ಹಾಲಿನ ಮೂಲಕ ಕ್ಷಯ ಹರಡುವುದಿಲ್ಲ. ಅಂತಹ ಮಗುವಿಗೆ ಕೊಡಬೇಕಾದ ಔಷಧಿಯನ್ನೂ ಬಿ.ಸಿ.ಜಿ. ಲಸಿಕೆಯ ಕಾಲವನ್ನೂ ವೈದ್ಯರನ್ನು ಕೇಳಿ ತಿಳಿಯಿರಿ. ಈ ಲಸಿಕೆಯು ಎಳೆಯ ಮಕ್ಕಳನ್ನು ಮಿದುಳಿನ ಕ್ಷಯದಂತಹ ಘೋರ ರೂಪಗಳಿಂದ ಕಾಪಾಡುತ್ತದೆ.

ಗಾಳಿ ಬೆಳಕುಗಳಿಗೆ ಹಣ ತೆರಬೇಕಾಗಿಲ್ಲ, ಔಷಧಿಯೂ ಉಚಿತ. ರೋಗ ಯಾರಿಗೇ ಬರಲಿ, ಗಂಡನು ಹೆಂಡತಿಗೆ, ಹೆಂಡತಿಯು ಗಂಡನಿಗೆ ದಿನವೂ ಮಾತ್ರೆಯನ್ನು ನೆನಪಿಸಿ ಕೊಡುವ ಮನೆಯಲ್ಲಿ ರೋಗಿಯೂ ಗುಣವಾಗುವರು, ಮಕ್ಕಳೂ ಸುರಕ್ಷಿತವಾಗಿರುವರು.